ಅವ್ವನಿಗೂ ಎರಡು ತಾಸು ಬೇಕು

ದೀರ್ಘಕಾಲದ ಕಾಯಿಲೆಯ ಮಕ್ಕಳನ್ನು ಮನೆಯಲ್ಲೇ ನೋಡಿಕೊಳ್ಳುವ ಗದಗ ಸೀಮೆಯ ತಂದೆ ತಾಯಂದಿರಿಗೆ, ಅವರ ಬಂಧು ಬಳಗಕ್ಕೆ

ಮಗುವಿನ ಕಾಯಿಲೆ ಇಂಥದ್ದೆಂದು ಗೊತ್ತಾದ ದಿನದಿಂದ ಮನೆಯಲ್ಲಿ ಒಬ್ಬರ ನಿದ್ದೆ ಹೋಗುತ್ತದೆ. ಮೂರ್ಛೆರೋಗ, ಸೆರೆಬ್ರಲ್ ಪಾಲ್ಸಿ, ಥಲಸ್ಸೇಮಿಯಾ, ಹಿಮೋಫಿಲಿಯಾ, ಟೈಪ್–1 ಸಕ್ಕರೆ ಕಾಯಿಲೆ, ಹುಟ್ಟಿನಿಂದ ಬಂದ ಹೃದಯದ ತೊಂದರೆ ಇವಕ್ಕೆಲ್ಲ ಔಷಧ ಬೇರೆ ಬೇರೆ. ಮನೆಯೊಳಗೆ ಅವು ಕೇಳುವುದು ಮಾತ್ರ ಒಂದನ್ನೇ: ಯಾರಾದರೊಬ್ಬರು ಸದಾ ಎಚ್ಚರವಾಗಿರಬೇಕು. ಗದಗ–ಬೆಟಗೇರಿಯ ಓಣಿಗಳಲ್ಲಾಗಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಹಳ್ಳಿ–ತಾಂಡಾಗಳಲ್ಲಾಗಲಿ ಆ ಒಬ್ಬರು ಹೆಚ್ಚಾಗಿ ತಾಯಿಯೇ. ದವಾಖಾನೆಯ ಚೀಟಿಯಲ್ಲಿ ಮಗುವಿನ ತೂಕ, ಜ್ವರ, ಗುಳಿಗೆಯ ಪ್ರಮಾಣ ಎಲ್ಲವನ್ನೂ ಬರೆಯುತ್ತಾರೆ. ಅವ್ವ ನಿನ್ನೆ ರಾತ್ರಿ ಎಷ್ಟು ತಾಸು ಮಲಗಿದಳು ಎಂದು ಬರೆಯುವ ಜಾಗ ಅದರಲ್ಲಿ ಇರುವುದಿಲ್ಲ.

ಇರಬೇಕಿತ್ತು. ನಿದ್ದೆಗೆಟ್ಟ ತಾಯಿ ಗುಳಿಗೆಯ ಹೊತ್ತು ಮರೆಯುತ್ತಾಳೆ, ಇನ್ಸುಲಿನ್ ಗುರುತು ತಪ್ಪಿ ಓದುತ್ತಾಳೆ, ಸಣ್ಣದಕ್ಕೆ ಮಗುವಿನ ಮೇಲೆ ಕೈ ಎತ್ತಿ ಆಮೇಲೆ ತಾನೇ ಅಳುತ್ತಾಳೆ. ಆಕೆಯ ದಣಿವು ಮಗುವಿನ ಚಿಕಿತ್ಸೆಗೆ ನೇರವಾಗಿ ಸಂಬಂಧಪಟ್ಟ ವಿಷಯ. ಈ ಲೇಖನ ಅದಕ್ಕಾಗಿ.

ಹುಬ್ಬಳ್ಳಿ ಬಸ್ಸಿನಲ್ಲಿ ಒಬ್ಬಳೇ

ಗದಗ ನಿಲ್ದಾಣದಲ್ಲಿ ಬೆಳಗಿನ ಹುಬ್ಬಳ್ಳಿ ಬಸ್ಸು ಹತ್ತುವವರನ್ನು ಗಮನಿಸಿ. ಬಗಲಲ್ಲಿ ಮಗು, ಇನ್ನೊಂದು ಕೈಯಲ್ಲಿ ಬಟ್ಟೆ ಅಂಗಡಿಯ ಕ್ಯಾರಿಬ್ಯಾಗು. ಅದರೊಳಗೆ ಅಂಚು ಹರಿದ ಫೈಲು, ಸ್ಕ್ಯಾನಿಂಗಿನ ದೊಡ್ಡ ಕವರು, ಬುತ್ತಿ, ಮಗುವಿಗೊಂದು ಜೊತೆ ಬಟ್ಟೆ. ಮುಂಡರಗಿಯ ಕಡೆಯಿಂದ ಬಂದವಳಾದರೆ ಕೋಳಿ ಕೂಗುವ ಮೊದಲೇ ಎದ್ದು ಗದಗಕ್ಕೆ ಬಂದು ಇಲ್ಲಿ ಬಸ್ಸು ಬದಲಿಸಿರುತ್ತಾಳೆ. ಮುಂಡರಗಿಯಿಂದ ಹುಬ್ಬಳ್ಳಿಗೆ ಒಟ್ಟು ನೂರು ಕಿಲೋಮೀಟರಿನ ಆಸುಪಾಸು. ಜನ ಇಂದಿಗೂ ಕಿಮ್ಸ್ ಎಂದೇ ಕರೆಯುವ ದೊಡ್ಡ ದವಾಖಾನೆಯಲ್ಲಿ ಪಾಳಿ ಹಚ್ಚಿ, ತೋರಿಸಿ, ಮರಳಿ ಮನೆ ಸೇರುವಾಗ ದೀಪ ಹಚ್ಚುವ ಹೊತ್ತು ದಾಟಿರುತ್ತದೆ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಇಂಥ ತಾಯಂದಿರಿಗೆ ಅದು ದೊಡ್ಡ ಆಸರೆ. ಆದರೆ ಅದರ ಜೊತೆಗೇ ಅನೇಕ ಮನೆಗಳಲ್ಲಿ ಒಂದು ಲೆಕ್ಕ ಹುಟ್ಟಿಕೊಂಡಿದೆ. ಅಪ್ಪ ಹೋದರೆ ಟಿಕೆಟ್ ದುಡ್ಡೂ ಹೋಯಿತು, ದಿನದ ಪಗಾರವೂ ಹೋಯಿತು. ಅಕಿನೇ ಹೋಗಿಬರಲಿ ಬಿಡು ಎಂಬ ಲೆಕ್ಕ. ಹೀಗಾಗಿ ಡಾಕ್ಟರು ಹೇಳಿದ್ದನ್ನು ಕೇಳಿಸಿಕೊಂಡವಳು ಆಕೆ ಒಬ್ಬಳೇ. ಮನೆಗೆ ಬಂದು “ಗುಳಿಗಿ ಹೆಚ್ಚ ಮಾಡ್ಯಾರ” ಎಂದರೆ “ಯಾಕ, ಏನಾತು, ನೀ ಕೇಳಲಿಲ್ಲೇನು?” ಎಂಬ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾದವಳೂ ಆಕೆಯೇ. ಕಾಯಿಲೆಯ ಜವಾಬ್ದಾರಿ ಇಡಿಯಾಗಿ ಒಬ್ಬರ ತಲೆಯ ಮೇಲೆ ಬೀಳುವುದು ಹೀಗೆ, ಯಾರೂ ಬೇಕೆಂದು ಮಾಡದೆಯೇ.

ಮೂರು ಸಲಕ್ಕೊಮ್ಮೆಯಾದರೂ ಅಪ್ಪ ಜೊತೆಗೆ ಹೋಗಲಿ. ದುಡಿಯಲು ಗೋವಾದಲ್ಲೋ ಮಂಗಳೂರಿನಲ್ಲೋ ಇದ್ದರೆ ಡಾಕ್ಟರ ಅಪ್ಪಣೆ ಕೇಳಿ ಫೋನಿನ ಸ್ಪೀಕರ್ ಹಚ್ಚಿ. ಹೋಗುವ ಮೊದಲ ರಾತ್ರಿ ಕೇಳಬೇಕಾದ ಮೂರೇ ಪ್ರಶ್ನೆ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಗುಳಿಗೆಯ ಹೆಸರು, ಹೊತ್ತು, ಮತ್ತೆ ಯಾವಾಗ ಬರಬೇಕು ಎಂಬುದನ್ನು ಕನ್ನಡದಲ್ಲಿ ಬರೆಸಿಕೊಳ್ಳಿ. ಓದಲು ಬಾರದಿದ್ದರೆ ಗುಳಿಗೆ ಪಟ್ಟಿಯ ಮೇಲೆ ಸೂರ್ಯ, ಚಂದ್ರನ ಗುರುತು ಹಾಕಿಸಿಕೊಳ್ಳಿ. ಇದನ್ನು ಕೇಳಲು ಸಂಕೋಚ ಬೇಡ.

ಮನೆಯಲ್ಲೇ ಕೆಲಸವಿರುವವರ ಕಷ್ಟ ಇನ್ನೊಂದು ಬಗೆಯದು. ಬೆಟಗೇರಿಯ ನೇಕಾರರ ಮನೆಯಲ್ಲಿ ಮಗ್ಗ ಒಳಗೇ ಇರುತ್ತದೆ, ಮಗುವಿನ ಹಾಸಿಗೆಯೂ ಪಕ್ಕದಲ್ಲೇ. ಮಗು ನರಳಿದಾಗಲೆಲ್ಲ ಲಾಳಿ ನಿಲ್ಲುತ್ತದೆ. ಸೀರೆ ಮುಗಿಯುವುದು ತಡವಾಗುತ್ತದೆ, ಕೂಲಿ ತಡವಾಗುತ್ತದೆ. ದಿನವಿಡೀ ಮಗುವಿನ ಬಳಿಯೇ ಇದ್ದರೂ ಸಂಜೆಗೆ ಆಕೆಗೆ ಅನಿಸುವುದು “ನಾ ಕೆಲಸಾನೂ ಮಾಡಲಿಲ್ಲ, ಕೂಸನ್ನೂ ನೋಡಲಿಲ್ಲ” ಎಂದು.

ಮತ್ತೆ ಮತ್ತೆ ಬರುವ ದುಃಖ

ಅಮೆರಿಕದ ಸೈಮನ್ ಒಲ್ಶಾನ್ಸ್ಕಿ ಎಂಬವರು ಬುದ್ಧಿಮಾಂದ್ಯ ಮಕ್ಕಳ ತಂದೆ ತಾಯಂದಿರ ಜೊತೆ ಕೆಲಸ ಮಾಡಿ 1962ರಲ್ಲಿ ಒಂದು ಮಾತು ಹೇಳಿದರು. ಈ ಪಾಲಕರ ದುಃಖ ಒಮ್ಮೆ ಬಂದು ಕಳೆಯುವಂಥದ್ದಲ್ಲ, ಬದುಕಿನುದ್ದಕ್ಕೂ ಆಗಾಗ ಮರಳುವಂಥದ್ದು. ಅದು ರೋಗವಲ್ಲ, ಸಹಜ. ಹೆತ್ತವರನ್ನು ಸಮಾಧಾನಪಡಿಸಲು ಹೋಗುವವರು ಮೊದಲು ಈ ಮಾತನ್ನು ತಿಳಿದಿರಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ.

ಸಾವಿನ ಮನೆಯಲ್ಲಿ ದಿನ ಕಳೆದಂತೆ ದುಃಖ ಇಳಿಯುತ್ತದೆ. ಇಲ್ಲಿ ಹಾಗಲ್ಲ. ಜೂನ್ ಬಂದು ಓರಗೆಯ ಮಕ್ಕಳು ಹೊಸ ಪಾಟೀಚೀಲ ಹಾಕಿಕೊಂಡು ಸಾಲಿಗೆ ಹೊರಟಾಗ ಅದು ಮತ್ತೆ ಏಳುತ್ತದೆ. ಎಳ್ಳಮಾವಾಸ್ಯೆಗೆ ಎಲ್ಲರೂ ಹೊಲಕ್ಕೆ ಚರಗ ಚೆಲ್ಲಲು ಹೊರಟು, ಮಗುವಿನ ಜೊತೆ ಒಬ್ಬರು ಮನೆಯಲ್ಲೇ ಉಳಿಯಬೇಕಾದಾಗ ಏಳುತ್ತದೆ. ಮಗಳು ದೊಡ್ಡವಳಾದಾಗ, ನಾದಿನಿಯ ಮಗ ಸೈಕಲ್ ಕಲಿತಾಗ, ನಿನ್ನೆಯವರೆಗೆ ಎತ್ತಿಕೊಳ್ಳುತ್ತಿದ್ದ ಹುಡುಗ ಇವತ್ತು ಎತ್ತಲಾರದಷ್ಟು ಭಾರವಾದಾಗ ಏಳುತ್ತದೆ. “ಇಷ್ಟ್ ವರ್ಷ ಆತು, ಇನ್ನೂ ಅಳ್ತೀಯಲ್ಲ” ಎಂದು ಯಾರಾದರೂ ಗದರಿದರೆ ಅವರಿಗೆ ಈ ವಿಷಯ ಗೊತ್ತಿಲ್ಲ ಎಂದಷ್ಟೇ ತಿಳಿಯಿರಿ. ಅತ್ತದ್ದಕ್ಕೆ ನಾಚಬೇಕಾಗಿಲ್ಲ. ಇಂಥ ದಿನಗಳು ಯಾವುವೆಂದು ಮೊದಲೇ ಗೊತ್ತಿರುತ್ತದಲ್ಲ, ಆ ದಿನ ಅಕ್ಕನನ್ನೋ ಗೆಳತಿಯನ್ನೋ ಮನೆಗೆ ಕರೆಸಿಕೊಳ್ಳಿ.

ಇದಕ್ಕಿಂತ ಹೆಚ್ಚು ಕೊರೆಯುವುದು ತಪ್ಪಿತಸ್ಥ ಭಾವನೆ. ಗ್ರಹಣದ ದಿನ ಹೊರಗೆ ಬಂದಿದ್ದಳು, ಬಸುರಿಯಿದ್ದಾಗ ಅದನ್ನು ತಿಂದಳು, ಹಿಂದಿನ ಜನ್ಮದ ಕರ್ಮ ಎಂಬ ಮಾತುಗಳೆಲ್ಲ ಕೊನೆಗೆ ಬಂದು ನಿಲ್ಲುವುದು ತಾಯಿಯ ಮೇಲೆ. ವಿಜ್ಞಾನ ಹೇಳುವುದು ಬೇರೆ. ಥಲಸ್ಸೇಮಿಯಾದಂಥ ಕಾಯಿಲೆ ಮಗುವಿಗೆ ಬರಬೇಕಾದರೆ ದೋಷವಿರುವ ವಂಶವಾಹಿ ತಂದೆಯಿಂದಲೂ ಒಂದು, ತಾಯಿಯಿಂದಲೂ ಒಂದು ಬರಬೇಕು. ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ಶೇಕಡ 25ರಷ್ಟು ಸಾಧ್ಯತೆ. ಹಿಮೋಫಿಲಿಯಾ ಸಾಮಾನ್ಯವಾಗಿ ತಾಯಿಯ ಕಡೆಯಿಂದ ಬರುತ್ತದೆ ನಿಜ. ಆದರೆ ಸುಮಾರು ಮೂರರಲ್ಲೊಂದು ಪ್ರಕರಣದಲ್ಲಿ ಮನೆತನದಲ್ಲಿ ಯಾರಿಗೂ ಇಲ್ಲದಿದ್ದರೂ ಹೊಸದಾಗಿ ಕಾಣಿಸಿಕೊಳ್ಳುತ್ತದೆ. ತನಗೆ ಗೊತ್ತೇ ಇಲ್ಲದ ವಂಶವಾಹಿಗೆ ಯಾರನ್ನಾದರೂ ದೂಷಿಸುವುದು ಅನ್ಯಾಯ. ನಮ್ಮಲ್ಲಿ ಸೋದರಮಾವ, ಅತ್ತೆಯ ಮಗ ಎಂದು ಸಂಬಂಧದಲ್ಲೇ ಮದುವೆ ಮಾಡುವ ರೂಢಿ ಇರುವುದರಿಂದ ಥಲಸ್ಸೇಮಿಯಾದಂಥ ಕೆಲವು ಕಾಯಿಲೆಗಳ ಸಾಧ್ಯತೆ ಹೆಚ್ಚು. ಆ ಮದುವೆ ನಿಶ್ಚಯಿಸಿದವರು ಹಿರಿಯರು. ಹಾಗೆಂದು ಅವರನ್ನು ಹಳಿಯುವುದರಿಂದಲೂ ಪ್ರಯೋಜನವಿಲ್ಲ. ಮುಂದಿನ ಬಸಿರಿಗೆ ಮೊದಲು ಗಂಡ ಹೆಂಡತಿ ಇಬ್ಬರೂ ರಕ್ತ ಪರೀಕ್ಷೆ ಮಾಡಿಸಿಕೊಂಡರೆ ಪ್ರಯೋಜನವಿದೆ.

ದೇವರ ಮಾತೂ ಬಂತು. ಲಕ್ಷ್ಮೇಶ್ವರದ ದೂದನಾನಾ ದರ್ಗಾಕ್ಕೋ ಶಿರಹಟ್ಟಿಯ ಫಕೀರೇಶ್ವರ ಮಠಕ್ಕೋ ಮಗುವನ್ನು ಕರೆದೊಯ್ದು ಕೂತು ಬರುವವರಿಗೆ ಅಲ್ಲಿ ಸಿಗುವ ನೆಮ್ಮದಿ ಸಣ್ಣದಲ್ಲ. ಹೋಗಿ ಬನ್ನಿ. ಗುಳಿಗೆ ಮಾತ್ರ ಒಂದು ದಿನವೂ ತಪ್ಪಿಸಬೇಡಿ. ಮೂರ್ಛೆಯ ಗುಳಿಗೆಯನ್ನು ಹಠಾತ್ತನೆ ನಿಲ್ಲಿಸಿದರೆ ಬಿಟ್ಟೂಬಿಡದೆ ಮೂರ್ಛೆ ಬಂದು ಜೀವಕ್ಕೇ ಅಪಾಯವಾಗಬಹುದು.

ದಣಿವು ಕಾಯಿಲೆಯಾದಾಗ

ನಮ್ಮ ಕಡೆಯ ಹೆಣ್ಣುಮಕ್ಕಳು “ಮನಸ್ಸಿಗೆ ಬ್ಯಾಸರ” ಎಂದು ಡಾಕ್ಟರ ಬಳಿ ಹೋಗುವುದಿಲ್ಲ. ತಲೆಶೂಲೆ, ಎದೆ ಡವಡವ, ಕೈಕಾಲು ಜೋಮು, ಹೊಟ್ಟೆಯುರಿ ಎಂದು ಹೋಗುತ್ತಾರೆ, ಒಂದು ಸಲೈನ್ ಹಚ್ಚಿಸಿಕೊಂಡು ಬರುತ್ತಾರೆ. ಎರಡು ದಿನ ಪರವಾಗಿಲ್ಲ ಅನಿಸುತ್ತದೆ, ಮೂರನೆಯ ದಿನ ಮತ್ತೆ ಅದೇ.

ಎರಡು ವಾರ ಎಂಬುದನ್ನು ನೆನಪಿಡಿ. ಎರಡು ವಾರದುದ್ದಕ್ಕೂ ಹೆಚ್ಚಿನ ದಿನ ಮನಸ್ಸು ಕುಗ್ಗಿರುವುದು, ಹಿಂದೆ ಇಷ್ಟವಾಗುತ್ತಿದ್ದ ಯಾವುದರಲ್ಲೂ ಆಸಕ್ತಿ ಹುಟ್ಟದಿರುವುದು ಇವೆರಡರಲ್ಲಿ ಒಂದಿದ್ದರೂ ಡಾಕ್ಟರಿಗೆ ತೋರಿಸಬೇಕು. ಮಗು ಮಲಗಿದ್ದರೂ ತನಗೆ ನಿದ್ದೆ ಬಾರದಿರುವುದು, ಊಟ ಸೇರದಿರುವುದು, ಮಗುವನ್ನು ಪದೇಪದೇ ಹೊಡೆಯುವಷ್ಟು ಸಿಟ್ಟು, ಗಂಡಸರಲ್ಲಿ ಹೆಚ್ಚುತ್ತಿರುವ ಕುಡಿತ, ಇವೂ ಖಿನ್ನತೆಯ ಲಕ್ಷಣಗಳಾಗಿರಬಹುದು. ಸಿಟ್ಟು ತಲೆಗೇರಿದ ಗಳಿಗೆಯಲ್ಲಿ ಮಗುವನ್ನು ಬೀಳದಂತೆ ನೆಲದ ಹಾಸಿಗೆಯ ಮೇಲೆ ಮಲಗಿಸಿ, ಬಾಗಿಲು ತೆರೆದಿಟ್ಟು, ಹೊರಗೆ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕುಳಿತು ಬನ್ನಿ.

“ನಾನೂ ಕೂಸೂ ಕೂಡೇ ಹೋಗಿಬಿಟ್ರ ಎಲ್ಲಾರಿಗೂ ಹಗುರ” ಎಂಬ ಮಾತು ಬಾಯಿಂದ ಬಂದರೆ, ಅಥವಾ ಮನಸ್ಸಿನಲ್ಲಿ ಸುಳಿದರೂ, ಅದನ್ನು ಸುಮ್ಮನೆ ಬಿಡಬಾರದು. ಹಾಗೆ ಹೇಳಿದವರನ್ನು ಬೈಯಬೇಡಿ, ಒಬ್ಬರನ್ನೇ ಬಿಡಬೇಡಿ. 14416ಕ್ಕೆ ಆ ಕ್ಷಣವೇ ಫೋನ್ ಮಾಡಿ. ಇದು 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಖರ್ಚಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ, ಹೆಸರು ಹೇಳಲೇಬೇಕೆಂದಿಲ್ಲ. ಅಪಾಯ ಕಣ್ಣೆದುರಿಗೇ ಇದ್ದರೆ 112 ಅಥವಾ 108ಕ್ಕೆ ಫೋನ್ ಮಾಡಿ, ದವಾಖಾನೆಗೆ ಕರೆದೊಯ್ಯಿರಿ.

ಮಾನಸಿಕ ಆರೋಗ್ಯಕ್ಕೆ ಧಾರವಾಡದ ಡಿಮ್ಹಾನ್ಸ್‌ಗೇ ಹೋಗಬೇಕೆಂದಿಲ್ಲ. ಮನೋರೋಗದ ಚಿಕಿತ್ಸೆಯನ್ನು ಹಳ್ಳಿಯ ಆರೋಗ್ಯ ಕೇಂದ್ರದಲ್ಲೇ ಕೊಡಬಹುದು ಎಂದು ನಿಮ್ಹಾನ್ಸ್ 1980ರ ದಶಕದಲ್ಲಿ ಮಾಡಿ ತೋರಿಸಿದ್ದು ತುಂಗಭದ್ರೆಯಾಚೆಯ ಬಳ್ಳಾರಿ ಜಿಲ್ಲೆಯಲ್ಲಿ. ಆ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರಗಳಂದು ಮನೋವೈದ್ಯರು ಬರುವ ಏರ್ಪಾಡಿದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. “ಹುಚ್ಚರ ಡಾಕ್ಟರ್ ಹತ್ರ ಹೋದ್ಲು” ಎಂಬ ಮಾತಿಗೆ ಅಂಜಿ ಎಷ್ಟೋ ಮಂದಿ ಹಿಂದೆ ಸರಿಯುತ್ತಾರೆ. ಸಾಮಾನ್ಯ ಡಾಕ್ಟರ ಬಳಿಯೇ ಮೊದಲು ಹೇಳಿ. ಸಲೈನ್ ಕೇಳುವ ಬದಲು “ನನ್ನ ಕೂಸಿಗೆ ಹಿಂಗೈತ್ರಿ, ನನಗ ನಿದ್ದಿ ಬರವಲ್ದು” ಎಂದರೆ ಸಾಕು.

ಮನೆಯೊಳಗಿನ ಏರ್ಪಾಡು

ಧೈರ್ಯ ತಂದುಕೋ ಎಂದರೆ ಧೈರ್ಯ ಬರುವುದಿಲ್ಲ. ಕೆಲಸ ಕಡಿಮೆಯಾದರೆ ಬರುತ್ತದೆ. ಆದ್ದರಿಂದ ಎಲ್ಲಕ್ಕಿಂತ ಮೊದಲು ಮನೆಯಲ್ಲಿ ಇನ್ನೊಬ್ಬರನ್ನು ತಯಾರು ಮಾಡಬೇಕು. ಅಪ್ಪನೋ, ಅಜ್ಜಿಯೋ, ಕಾಕಾನೋ, ಪಕ್ಕದ ಮನೆಯ ಪಿಯುಸಿ ಓದುವ ಹುಡುಗಿಯೋ ಆಗಬಹುದು. ಒಂದು ನೂರು ಪುಟದ ನೋಟಬುಕ್ ತನ್ನಿ. ಮೊದಲ ಪುಟದಲ್ಲಿ ಕಾಯಿಲೆಯ ಹೆಸರು, ಗುಳಿಗೆಗಳು, ಹೊತ್ತು, ಡಾಕ್ಟರ ಫೋನ್, ಮಗುವಿನ ರಕ್ತದ ಗುಂಪು. ಮುಂದಿನ ಪುಟದಲ್ಲಿ ಮಗು ಹೇಗೆ ತಿನ್ನುತ್ತದೆ, ಯಾವುದಕ್ಕೆ ಅಂಜುತ್ತದೆ, ಏನು ಮಾಡಿದರೆ ಸುಮ್ಮನಾಗುತ್ತದೆ. ಉಳಿದ ಪುಟಗಳಲ್ಲಿ ದಿನದ ಟಿಪ್ಪಣಿ. ತಾಯಿಯ ತಲೆಯೊಳಗಷ್ಟೇ ಇದ್ದದ್ದು ಹಾಳೆಗೆ ಇಳಿದ ದಿನ ಆಕೆ ಮನೆಯಿಂದ ಹೊರಗೆ ಕಾಲಿಡಬಲ್ಲಳು. ಡಾಕ್ಟರಿಗೂ ಈ ಪುಸ್ತಕ ಬಹಳ ಉಪಯೋಗಕ್ಕೆ ಬರುತ್ತದೆ.

ಆ ಇನ್ನೊಬ್ಬರಿಗೆ ಕಲಿಸಬೇಕಾದ್ದು ಕಾಯಿಲೆಗೆ ತಕ್ಕಂತೆ ಬದಲಾಗುತ್ತದೆ. ಮೂರ್ಛೆಯಿರುವ ಮಗುವಾದರೆ: ಮಗ್ಗುಲಾಗಿ ಮಲಗಿಸುವುದು, ಕೊರಳ ಬಳಿಯ ಬಟ್ಟೆ ಸಡಿಲಿಸುವುದು, ಗಡಿಯಾರ ನೋಡುವುದು. ಬಾಯಲ್ಲಿ ಚಮಚ ತುರುಕಬಾರದು, ಕೈಯಲ್ಲಿ ಕಬ್ಬಿಣ ಹಿಡಿಸುವುದರಿಂದ ಏನೂ ಆಗುವುದಿಲ್ಲ, ಪೂರ್ತಿ ಎಚ್ಚರವಾಗುವತನಕ ನೀರು ಕುಡಿಸಬಾರದು. ಐದು ನಿಮಿಷ ದಾಟಿದರೆ 108. ಇಷ್ಟು ಗೊತ್ತಿರುವ ಇನ್ನೊಬ್ಬರು ಮನೆಯಲ್ಲಿದ್ದರೆ ತಾಯಿ ನಿಶ್ಚಿಂತೆಯಿಂದ ಸಂತೆಗೆ ಹೋಗಿ ಬರಬಹುದು.

ಸಕ್ಕರೆ ಕಾಯಿಲೆಯ ಮಗುವಿರುವ ಮನೆಗಳಲ್ಲಿ ಬೇಸಿಗೆಯಲ್ಲಿ ಇನ್ನೊಂದು ಚಿಂತೆ ಶುರುವಾಗುತ್ತದೆ. ಏಪ್ರಿಲ್‌ನಲ್ಲಿ ನಮ್ಮ ಬಯಲಿನ ಬಿಸಿಲು 40 ಡಿಗ್ರಿಯ ಹತ್ತಿರ ಹೋಗುತ್ತದೆ, ಕರೆಂಟು ಹೋಗುತ್ತದೆ, ಎಷ್ಟೋ ಮನೆಗಳಲ್ಲಿ ಫ್ರಿಜ್ಜೇ ಇಲ್ಲ. ಬಳಕೆಯಲ್ಲಿರುವ ಇನ್ಸುಲಿನ್ ಬಾಟಲಿಯನ್ನು ಮಣ್ಣಿನ ಗಡಿಗೆಯಲ್ಲಿ ಕಾಪಾಡಬಹುದು. ದೊಡ್ಡ ಗಡಿಗೆಯೊಳಗೆ ಸಣ್ಣದನ್ನಿಟ್ಟು ನಡುವೆ ಉಸುಕು ತುಂಬಿ, ಉಸುಕನ್ನು ದಿನಕ್ಕೆರಡು ಸಲ ನೀರು ಹಾಕಿ ಹಸಿಯಾಗಿಡಿ. ಬಾಟಲಿಯನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಸಣ್ಣ ಗಡಿಗೆಯೊಳಗಿಟ್ಟು, ಮೇಲೆ ಹಸಿ ಬಟ್ಟೆ ಮುಚ್ಚಿ, ಗಾಳಿಯಾಡುವ ನೆರಳಿನಲ್ಲಿಡಿ. ತೆರೆದ ಬಾಟಲಿಯನ್ನು ಸುಮಾರು ನಾಲ್ಕು ವಾರದೊಳಗೆ ಮುಗಿಸಬೇಕು. ತೆರೆದ ದಿನಾಂಕವನ್ನು ಅದರ ಮೇಲೆ ಬರೆದಿಡಿ. ಇನ್ಸುಲಿನ್ ಕೆಟ್ಟಿತೋ ಏನೋ ಎಂಬ ಅಂಜಿಕೆ ಇಲ್ಲವಾದರೆ ರಾತ್ರಿ ನಿದ್ದೆ ಬರುತ್ತದೆ.

ನಿದ್ದೆಯನ್ನು ಹಂಚಿಕೊಳ್ಳಿ. ಹತ್ತರಿಂದ ಎರಡರವರೆಗೆ ಒಬ್ಬರು, ಎರಡರಿಂದ ಆರರವರೆಗೆ ಒಬ್ಬರು. ಇಡೀ ರಾತ್ರಿ ಅರೆನಿದ್ದೆ ಮಾಡುವುದಕ್ಕಿಂತ ನಾಲ್ಕು ತಾಸು ಗಟ್ಟಿ ನಿದ್ದೆ ಮೇಲು. ನಡೆಯಲಾರದ ಮಗುವನ್ನು ಎತ್ತುವಾಗ ಸೊಂಟ ಬಗ್ಗಿಸದೆ ಮೊಣಕಾಲು ಮಡಚಿ ಕುಳಿತು, ಮಗುವನ್ನು ಎದೆಗೆ ಅವುಚಿಕೊಂಡು ಏಳಿ. ಹತ್ತು ವರ್ಷ ದಾಟಿದ ಮೇಲೆ ಒಬ್ಬರೇ ಎತ್ತುವ ಹಠ ಬೇಡ.

ಅಪ್ಪಂದಿರ ವಿಷಯ ಬರೆಯುವವರು ಕಡಿಮೆ. ಸಾಲ ಮಾಡಿದವನು, ಹೆಂಡತಿಯ ಬಂಗಾರ ಒತ್ತೆಯಿಟ್ಟವನು, ಮಳೆ ಕೈಕೊಟ್ಟ ವರ್ಷ ದವಾಖಾನೆಯ ಖರ್ಚಿಗೆ ಎಲ್ಲಿ ಕೈಚಾಚಲಿ ಎಂದು ಯೋಚಿಸುವವನು ಅವನು. ಅಳುವ ಅವಕಾಶ ಅವನಿಗಿಲ್ಲ, ಹಾಗಾಗಿ ಮಾತು ಬಿಡುತ್ತಾನೆ. ಆಕೆಗೆ ಅದು ಉದಾಸೀನದಂತೆ ಕಾಣುತ್ತದೆ. ಹೆಣ್ಣುಮಕ್ಕಳಿಗೆ ಸ್ತ್ರೀಶಕ್ತಿ ಸಂಘದಲ್ಲಾದರೂ ನಾಲ್ಕು ಮಾತಾಡುವ ಜಾಗವಿದೆ, ಗಂಡಸರಿಗೆ ಅದೂ ಇಲ್ಲ. ದಿನಕ್ಕೆ ಸ್ವಲ್ಪ ಹೊತ್ತು ಇಬ್ಬರೂ ದುಡ್ಡಿನ ಮಾತಾಗಲಿ ಯಾರ ತಪ್ಪೆಂಬ ಮಾತಾಗಲಿ ತೆಗೆಯದೆ ಕುಳಿತರೆ ಬಹಳಷ್ಟು ಸರಿಯಾಗುತ್ತದೆ. ಗುಳಿಗೆ ಕೊಡುವ ಒಂದು ಹೊತ್ತು ಪೂರ್ತಿ ಅಪ್ಪನದೇ ಆಗಿರಲಿ. ಅವನು ತಡಮಾಡಿದರೂ ನಡುವೆ ಕೈಹಾಕದೆ ಮಾಡಲು ಬಿಡಿ. ಕಾಯಿಲೆಯಿಲ್ಲದ ಇನ್ನೊಂದು ಮಗುವಿಗೂ ದಿನದಲ್ಲಿ ಕಾಲು ತಾಸು ಮೀಸಲಿಡಿ. ಜಗಳವಾಡದೆ ಸುಮ್ಮನಿರುವ ಮಗು ಎಂದರೆ ಅದಕ್ಕೇನೂ ಬೇಡ ಎಂದಲ್ಲ.

ಕಚೇರಿಗಳ ಓಡಾಟ

ಅಲೆದಾಟವೇ ಅರ್ಧ ದಣಿವು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದ್ದು, ಮೊದಲು ಏಳೇ ಇದ್ದ ಅಂಗವೈಕಲ್ಯಗಳ ಪಟ್ಟಿ 21ಕ್ಕೆ ಏರಿದೆ. ಸೆರೆಬ್ರಲ್ ಪಾಲ್ಸಿ, ಆಟಿಸಂ, ಸ್ನಾಯುಕ್ಷಯದ ಜೊತೆಗೆ ಥಲಸ್ಸೇಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್ ಕಾಯಿಲೆಗಳೂ ಅದರಲ್ಲಿವೆ. ಟೈಪ್–1 ಸಕ್ಕರೆ ಕಾಯಿಲೆ ಇಲ್ಲ, ಇದು ನನ್ನ ಪ್ರಕಾರ ಆ ಪಟ್ಟಿಯ ದೊಡ್ಡ ಕೊರತೆ. ಅಂಗವೈಕಲ್ಯದ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸುವುದು ಮೊದಲ ಕೆಲಸ. ಶೇಕಡ 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವಿದ್ದರೆ ಮಾಸಾಶನ, ಬಸ್ ಪಾಸ್ ಮುಂತಾದವುಗಳ ಬಾಗಿಲು ತೆರೆಯುತ್ತದೆ. ಇದಕ್ಕೆ ನೀವೇ ಅಲೆಯಬೇಕಾಗಿಲ್ಲ. ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯು, ತಾಲ್ಲೂಕು ಪಂಚಾಯಿತಿಯಲ್ಲಿ ಎಂಆರ್‌ಡಬ್ಲ್ಯು ಎಂಬ ಪುನರ್ವಸತಿ ಕಾರ್ಯಕರ್ತರು ಇರುವುದೇ ಇದಕ್ಕೆ. ಹೆಚ್ಚಿನ ಆರೈಕೆ ಬೇಕಾದವರನ್ನು ನೋಡಿಕೊಳ್ಳುವವರಿಗೆ ಭತ್ಯೆ ಕೊಡುವ ಮಾತು ಅದೇ ಕಾಯ್ದೆಯ 24ನೇ ಕಲಮಿನಲ್ಲಿದೆ. ನಿಮಗೆ ಅನ್ವಯಿಸುತ್ತದೆಯೇ ಎಂದು ಅವರನ್ನೇ ಕೇಳಿ.

ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯಿದೆ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ, ತುರ್ತು ಸಂದರ್ಭ ಬಿಟ್ಟು, ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಬೇಕು. ಗದಗದ ಜಿಮ್ಸ್‌ನಲ್ಲೇ ಅದನ್ನು ವಿಚಾರಿಸಿಕೊಂಡು ಹೊರಡಿ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ವೈಕಲ್ಯದ ಮಕ್ಕಳಿಗೆ ರಾಷ್ಟ್ರೀಯ ನ್ಯಾಸದ ನಿರಾಮಯ ವಿಮೆ ವರ್ಷಕ್ಕೆ 1 ಲಕ್ಷದವರೆಗೆ ಕೊಡುತ್ತದೆ. ಫಿಸಿಯೋಥೆರಪಿ, ಹೊರರೋಗಿ ಖರ್ಚು ಸಹ ಅದರಲ್ಲಿ ಸೇರುತ್ತವೆ. ಶಾಲೆಗೆ ಹೋಗಲಾರದಷ್ಟು ತೀವ್ರ ತೊಂದರೆಯಿರುವ ಮಗುವಿಗೆ ಮನೆಯಲ್ಲೇ ಪಾಠ ಹೇಳಿಸಿಕೊಳ್ಳುವ ಹಕ್ಕನ್ನು ಶಿಕ್ಷಣ ಹಕ್ಕು ಕಾಯ್ದೆಯ 2012ರ ತಿದ್ದುಪಡಿ ಕೊಟ್ಟಿದೆ. ತಾಲ್ಲೂಕಿನ ಬಿಆರ್‌ಸಿ ಕಚೇರಿಯಲ್ಲಿ ವಿಚಾರಿಸಿ. ಶಿಕ್ಷಕರು ಬಂದ ಆ ಹೊತ್ತು ಮಗುವಿಗೆ ಪಾಠ, ತಾಯಿಗೆ ಮಾತಾಡಲು ಒಬ್ಬರು ಸಿಕ್ಕಂತೆ.

ಬಂಧು ಬಳಗಕ್ಕೆ

ಹೆತ್ತವರಿಂದ ಮಾತ್ರ ಆಗದ ಕೆಲಸಕ್ಕೆ ಊರೇ ಕೈಜೋಡಿಸಿದ ಉದಾಹರಣೆ ಗದಗದಲ್ಲೇ ಇದೆ. ವೀರೇಶ್ವರ ಪುಣ್ಯಾಶ್ರಮದಲ್ಲಿ ಸ್ವತಃ ಕಣ್ಣಿಲ್ಲದ ಪಂಚಾಕ್ಷರ ಗವಾಯಿಗಳು ಅಂಧ, ಅನಾಥ ಮಕ್ಕಳಿಗೆ ಅನ್ನ, ಸಂಗೀತ ಕೊಟ್ಟರು. 1944ರಲ್ಲಿ ಅವರು ತೀರಿಕೊಂಡ ಮೇಲೆ, ಅವರ ಹಾಗೆಯೇ ಕಣ್ಣಿಲ್ಲದ ಶಿಷ್ಯ ಪುಟ್ಟರಾಜ ಗವಾಯಿಗಳು 2010ರವರೆಗೆ ಅದನ್ನು ನಡೆಸಿದರು. ಅದು ನಡೆದದ್ದು ಮನೆಮನೆಯಿಂದ ಬಂದ ಜೋಳ, ಕಾಳು, ಕಾಣಿಕೆಯಿಂದ. ಕೊಡುವ ಗುಣ ಈ ಊರಿಗೆ ಹೊಸದಲ್ಲ. ಮನೆಯೊಳಗೆ ಮಲಗಿರುವ ಮಗುವಿನ ತಾಯಿಗೆ ಬೇಕಾಗಿರುವುದು ಮಾತ್ರ ಜೋಳಕ್ಕಿಂತ ಹೆಚ್ಚಾಗಿ ತಾಸುಗಳು.

ಹಾಗಾಗಿ ಅಕ್ಕ, ತಂಗಿ, ಚಿಗವ್ವ, ಮಾವ, ನೆರೆಯವರಲ್ಲಿ ಒಂದು ಕೋರಿಕೆ. ಆ ಮನೆಗೆ ಹೋದಾಗ ಹೊಸ ಔಷಧ, ಹೊಸ ಹರಕೆ ಹೇಳಬೇಡಿ. “ಏನಾರ ಬೇಕಂದ್ರ ಹೇಳ್ರಿ” ಎಂದು ಹೇಳಿ ಎದ್ದು ಬರಬೇಡಿ, ಅವರು ಹೇಳುವುದಿಲ್ಲ. “ಶುಕ್ರವಾರ ಸಂಜಿ ನಾಲ್ಕರಿಂದ ಆರರತನಕ ನಾ ಇಲ್ಲೇ ಕುಂದರತೇನಿ, ನೀ ಹೋಗಿ ಮಲಕ್ಕೋ” ಎಂದು ದಿನ, ಹೊತ್ತು ಹಿಡಿದು ಹೇಳಿ. ನೋಟಬುಕ್ಕಿನ ಮೊದಲ ಪುಟ ಓದಿ, ಗುಳಿಗೆ ಕೊಡುವುದನ್ನು ಒಮ್ಮೆ ಅವರೆದುರಿಗೇ ಮಾಡಿ ಕಲಿಯಿರಿ. ಮುಂದಿನ ಸಲ ಹುಬ್ಬಳ್ಳಿಗೆ ಹೋಗುವಾಗ ಆ ಫೈಲಿನ ಚೀಲ ನಿಮ್ಮ ಕೈಯಲ್ಲಿರಲಿ.